ಮಂಗನ ಕಾಯಿಲೆ ತರಬೇತಿ: ಬೆಳಿಗ್ಗೆಗೆ ಪೂರ್ತಿ ಅಂಕ, ಮಧ್ಯಾಹ್ನಕ್ಕೆ ಜಸ್ಟ್ ಪಾಸು

ಊರಿನ ಸ್ವಯಂಸೇವಕರಿಗೆ ಅಂತ ನಡೆಯುವ ಆರೋಗ್ಯ ತರಬೇತಿಗಳಿಗೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಬ್ಯಾಗು, ಪೆನ್ನು, ದೀಪ ಬೆಳಗುವುದು, ವೇದಿಕೆ ಮೇಲಿದ್ದವರೆಲ್ಲರ ಭಾಷಣ, ಊಟ, ಸಹಿ, ಮನೆ. ಹಾಗಾಗಿ ಸಾಗರ ತಾಲ್ಲೂಕಿನ ನಮ್ಮ ಪಂಚಾಯ್ತಿಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಮಂಗನ ಕಾಯಿಲೆ ಬಗ್ಗೆ ತರಬೇತಿ ಕೊಡುತ್ತದೆ ಅಂದಾಗ ದೊಡ್ಡ ಆಸೆಯೇನೂ ಇಟ್ಟುಕೊಂಡಿರಲಿಲ್ಲ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದವಳು. ಬೇರೆಯವರು ಕಲಿಸುವಾಗ ಅಂಕ ಹಾಕುತ್ತಾ ಕೂರುವ ಚಟ ಇನ್ನೂ ಬಿಟ್ಟಿಲ್ಲ. ಈ ಬರಹವನ್ನೂ ಹಾಗೇ ಓದಿಕೊಳ್ಳಿ.

ಮಂಗನ ಕಾಯಿಲೆ ನಮಗೆ ಹೊಸದಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗ ಇದು. ಉಣುಗು ಅನ್ನುವ ರಕ್ತ ಹೀರುವ ಸಣ್ಣ ಹುಳ ಕಚ್ಚಿ ಬರುವ ಜ್ವರ; ಮಂಗ ಸತ್ತರೆ ಅದರ ಮೈಮೇಲಿನ ಉಣುಗು ಅಲ್ಲೇ ಸುತ್ತ ಉದುರುತ್ತದೆ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಲಗೋಡು ಕಡೆ ಈ ಕಾಯಿಲೆಗೆ ಹಲವರು ಬಲಿಯಾದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಅಂದರೆ ತರಬೇತಿಗೆ ಬಂದಿದ್ದ ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಸ್ವಸಹಾಯ ಸಂಘದ ಹೆಂಗಸರು ಎಲ್ಲರಿಗೂ ರೋಗದ ಬಗ್ಗೆ ಒಂದಿಷ್ಟು ಗೊತ್ತಿತ್ತು. ಇಂಥವರಿಗೆ ಮತ್ತೆ ಅ ಆ ಇ ಈಯಿಂದ ಶುರು ಮಾಡಿದರೆ ಆಕಳಿಕೆ ಬರುತ್ತದೆ, ಅಲ್ವಾ?

ತರಬೇತಿ ಕೊಡಲು ಬಂದಿದ್ದ ಹುಡುಗಿ ಅಲ್ಲಿಂದ ಶುರು ಮಾಡಲಿಲ್ಲ. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಸಮುದಾಯ ಭವನದ ನೆಲದ ಮೇಲೆ ರಂಗೋಲಿ ಪುಡಿಯ ಡಬ್ಬಿ ಇಟ್ಟಳು. "ಅಕ್ಕಂದಿರೇ, ನಿಮ್ಮೂರು ಬಿಡಿಸಿ. ಮನೆ, ಕೊಟ್ಟಿಗೆ, ತೋಟ, ದನ ಹೋಗುವ ದಾರಿ, ದರಗು (ಕಾಡಿನ ಒಣ ಎಲೆ) ತರುವ ಜಾಗ, ಮಂಗ ಸತ್ತು ಬಿದ್ದಿದ್ದ ಜಾಗ." ಅಷ್ಟು ಹೇಳಿ ಗೋಡೆಗೊರಗಿ ಸುಮ್ಮನೆ ನಿಂತಳು. ಆ ಸುಮ್ಮನೆ ನಿಲ್ಲುವುದಕ್ಕೆ ನಾನು ಮೊದಲ ಅಂಕ ಕೊಟ್ಟೆ. ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಂಡು ಕಾಯುವುದು ಎಷ್ಟು ಕಷ್ಟ ಅನ್ನುವುದು ಪಾಠ ಮಾಡಿದವರಿಗೆ ಗೊತ್ತು.

ಮೊದಲು ನಾಚಿಕೆ, ಆಮೇಲೆ ಜಗಳ. ದಾರಿ ಅಲ್ಲಿಲ್ಲ, ಇಲ್ಲಿದೆ. ಮಂಗ ಸತ್ತದ್ದು ಹಳ್ಳದ ಆಚೆ, ಈಚೆ ಅಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಒಂದು ವಿಷಯ ಎಲ್ಲರಿಗೂ ಕಂಡಿತು. ಮಂಗ ಸತ್ತಿದ್ದ ಜಾಗ ಮತ್ತು ನಾಲ್ಕೈದು ಮನೆಯವರು ದರಗು ಗುಡಿಸುವ ಜಾಗ ಹೆಚ್ಚುಕಡಿಮೆ ಒಂದೇ. ಇದನ್ನು ಯಾರೂ ನಮಗೆ ಹೇಳಿಕೊಡಲಿಲ್ಲ. ನಮ್ಮ ಕೈಯ ಪುಡಿಯೇ ಹೇಳಿತು.

ಆಗ ಬಂತು ನಿಜವಾದ ಪರೀಕ್ಷೆ. ಆ ಹುಡುಗಿ ಬರೆದುಕೊಂಡು ಬಂದಿದ್ದ ಸಾಲು "ಕಾಡಿಗೆ ಹೋಗಬೇಡಿ" ಅಂತ. ಹಿಂದೆ ಕೂತಿದ್ದ ಒಬ್ಬಾಕೆ ನೇರವಾಗಿ ಕೇಳಿದರು: "ಹೋಗ್ಬೇಡಿ ಅಂದ್ರೆ ಕೊಟ್ಟಿಗೆಗೆ ಏನು ಹಾಸೋದು ಮೇಡಂ? ತೋಟಕ್ಕೆ ಗೊಬ್ಬರ ಎಲ್ಲಿಂದ?" ಬೇರೆ ಯಾರಾದರೂ ಆಗಿದ್ದರೆ ಜೀವ ಮುಖ್ಯನಾ ಗೊಬ್ಬರ ಮುಖ್ಯನಾ ಅಂತ ಬಾಯಿ ಮುಚ್ಚಿಸುತ್ತಿದ್ದರು. ಈಕೆ ತನ್ನ ಕಾರ್ಡನ್ನು ಪಕ್ಕಕ್ಕಿಟ್ಟು, "ಹಾಗಾದರೆ ಹೇಗೆ ಹೋಗೋದು ಅಂತ ನೋಡೋಣ" ಅಂದಳು. ಮಂಗ ಸತ್ತ ಕಡೆಯಿಂದ ದರಗು ತರುವುದು ಬೇಡವೇ ಬೇಡ. ಬೇರೆ ಕಡೆಗೆ ಹೋಗುವಾಗ ಉದ್ದ ತೋಳಿನ ಅಂಗಿ, ಉಣುಗು ಹತ್ತದ ಹಾಗೆ ಮೈಗೆ ಹಚ್ಚುವ ಡೇಪಾ ಎಣ್ಣೆ. ಬಂದ ತಕ್ಷಣ ಬಿಸಿನೀರು, ಸೋಪು ಹಾಕಿ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಉಳಿದದ್ದನ್ನು ನಾವೇ ಸೇರಿಸಿದೆವು: ದರಗಿನ ಹೊರೆಯನ್ನು ಅಡುಗೆಮನೆ ಬಾಗಿಲ ಹತ್ತಿರ ಇಳಿಸಬಾರದು, ಅದರ ಮೇಲೆ ಮಕ್ಕಳನ್ನು ಆಡಲು ಬಿಡಬಾರದು.

ಈಗೀಗ ಎಲ್ಲ ತರಬೇತಿಗಳಲ್ಲೂ ಚಪ್ಪಾಳೆ ಆಟ, ಬಲೂನು ಆಟ ಆಡಿಸಿ 'ಸಹಭಾಗಿತ್ವದ ಕಲಿಕೆ' ಅನ್ನುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅರವತ್ತು ದಾಟಿದವರನ್ನು ಬಲೂನು ಹಿಡಿದು ಓಡಿಸಿದರೆ ನಗು ಬರುತ್ತದೆ, ಅಷ್ಟೇ. ಕೂತವರ ಮಾತಿನಿಂದ ಕಲಿಸುವವರ ಪಾಠ ಬದಲಾಗಬೇಕು. ಇಲ್ಲಿ ಬದಲಾಯಿತು.

ಎಣ್ಣೆ ಹಚ್ಚುವುದನ್ನು ಕಲಿಸಿದ ರೀತಿಯಂತೂ ನನಗೆ ತುಂಬಾ ಹಿಡಿಸಿತು. ಡೇಪಾ ಎಣ್ಣೆಯನ್ನು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ತಯಾರಿಸಿದ್ದು, ಅದು ನಮ್ಮಲ್ಲಿ ಆಸ್ಪತ್ರೆಯಿಂದ ಸಿಗುತ್ತದೆ. ಆದರೆ ಸಿಕ್ಕವರೆಲ್ಲ ಸರಿಯಾಗಿ ಹಚ್ಚುತ್ತಾರಾ? ಆಕೆ ಕೊಬ್ಬರಿ ಎಣ್ಣೆಗೆ ಕುಂಕುಮ ಕಲಸಿ ತಂದಿದ್ದಳು. ದಿನಾ ಹಚ್ಚುವ ಹಾಗೆ ಕೈಕಾಲಿಗೆ ಹಚ್ಚಿಕೊಳ್ಳಿ ಅಂದಳು. ಹಚ್ಚಿಕೊಂಡು ನೋಡಿದರೆ ಮೊಣಕಾಲಿನ ಹಿಂದೆ ಕೆಂಪಿಲ್ಲ, ಕುತ್ತಿಗೆಯ ಹಿಂದೆ ಇಲ್ಲ, ಹಿಮ್ಮಡಿಯ ಹತ್ತಿರ ಇಲ್ಲ. ಯಾರಿಗೂ ಬೈಯುವ ಅಗತ್ಯವೇ ಬೀಳಲಿಲ್ಲ. ಆಮೇಲೆ ಕರಿ ಎಳ್ಳನ್ನು ಒಂದು ಕಪ್ಪು ಬಟ್ಟೆ, ಒಂದು ಬಿಳಿ ಪಂಚೆ ಮೇಲೆ ಉದುರಿಸಿ ಹುಡುಕಲು ಹೇಳಿದಳು. ಮರಿ ಉಣುಗು ಅಷ್ಟೇ ಸಣ್ಣದು, ಮನುಷ್ಯರಿಗೆ ಕಚ್ಚುವುದು ಹೆಚ್ಚಾಗಿ ಅದೇ. ಕಪ್ಪು ಬಟ್ಟೆ ಸಿಕ್ಕವರು ಸೋತರು. ತಿಳಿ ಬಣ್ಣದ ಬಟ್ಟೆ ಹಾಕಿಕೊಂಡು ಹೋಗಿ ಅಂತ ಬೇರೆ ಹೇಳಬೇಕಾಗಲಿಲ್ಲ. (ಕುಂಕುಮದ ಕಲೆ ನನ್ನ ಸೀರೆಯಿಂದ ಪೂರ್ತಿ ಹೋಗಿಲ್ಲ. ಹಳೆ ಸೀರೆ ಉಟ್ಟು ಬನ್ನಿ ಅಂತ ಮೊದಲೇ ಹೇಳಬಹುದಿತ್ತು.)

ಊಟದ ಮುಂಚೆ ಒಂದು ನಾಟಕ. ಒಬ್ಬಾಕೆ ಜ್ವರದ ಅಜ್ಜಿ, ಇನ್ನೊಬ್ಬಾಕೆ ಮನೆಗೆ ಬಂದ ಸ್ವಯಂಸೇವಕಿ. "ಅಜ್ಜಿ, ಕಾಡಿಗೆ ಹೋಗಿದ್ರಾ?" "ಇಲ್ಲಪ್ಪ, ನಾನು ಹೊಸಿಲು ದಾಟಿ ವರ್ಷ ಆಯ್ತು." ಸರಿ, ಹಾಗಾದರೆ ಇದು ಮಂಗನ ಕಾಯಿಲೆ ಅಲ್ಲ ಅಂತ ಸ್ವಯಂಸೇವಕಿ ಎದ್ದೇಬಿಟ್ಟರು. ನೋಡುತ್ತಿದ್ದವರೇ ತಡೆದರು: "ಮನೇಲಿ ಬೇರೆ ಯಾರು ಹೋಗ್ತಾರೆ ಕೇಳು. ದರಗು ಎಲ್ಲಿ ಇಳಿಸ್ತಾರೆ ಕೇಳು." ಅಜ್ಜಿ ಪಾತ್ರದಾಕೆ ಅಂಗಡಿಯಿಂದ ತರಿಸಿದ ನೋವಿನ ಮಾತ್ರೆ ತೋರಿಸಿದಾಗ, ಈ ಕಾಯಿಲೆಯಲ್ಲಿ ರಕ್ತಸ್ರಾವದ ಭಯ ಇರುವುದರಿಂದ ಸಿಕ್ಕ ಸಿಕ್ಕ ನೋವಿನ ಮಾತ್ರೆ ನುಂಗಬಾರದು, ಬೇಗ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆಗೆ ಕೊಡಬೇಕು ಅನ್ನುವ ಮಾತೂ ಬಂತು. ಇದು ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ, ರೋಗಿಯ ಮನೆಗೆ ಹೋಗಲು ಹೆದರಬೇಡಿ ಅನ್ನುವುದನ್ನು ಆಶಾ ಕಾರ್ಯಕರ್ತೆಯರೇ ಉಳಿದವರಿಗೆ ಬಿಡಿಸಿ ಹೇಳಿದರು.

ಊಟ ಚೆನ್ನಾಗಿತ್ತು. ಮಜ್ಜಿಗೆ ನೀರಾಗಿತ್ತು.

ಊಟವಾದ ಮೇಲೆ ಬೇರೊಬ್ಬರು ಬಂದರು, ಪ್ರೊಜೆಕ್ಟರ್ ಹಾಕಿದರು. ಕಿಟಕಿ ಮುಚ್ಚಿ, ವೈರಸ್ಸಿನ ಕುಲಗೋತ್ರ, ಉಣುಗಿನ ಜೀವನಚಕ್ರ, ಬಾಣದ ಗುರುತುಗಳ ಚಿತ್ರ. ಬೆಳಿಗ್ಗೆ ಅಷ್ಟು ಜಗಳ ಆಡಿದವರು ಅಲ್ಲೇ ತೂಕಡಿಸಿದರು. ಯಾರೋ ಎಚ್ಚರವಿದ್ದವರು, "ಮೊದಲು ಲಸಿಕೆ ಹಾಕ್ತಿದ್ರಲ್ಲ, ಈಗ ಯಾಕಿಲ್ಲ?" ಅಂತ ಕೇಳಿದರು. ಹಳೆಯ ಲಸಿಕೆಯಿಂದ ಸಾಕಷ್ಟು ರಕ್ಷಣೆ ಸಿಗದ್ದರಿಂದ ನಿಲ್ಲಿಸಿದರು, ಹೊಸದಕ್ಕೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಯತ್ನ ನಡೆಸಿದೆ ಎಂದು ಎರಡೇ ವಾಕ್ಯದಲ್ಲಿ ಉತ್ತರ ಸಿಕ್ಕಿತು. ಇಡೀ ಮಧ್ಯಾಹ್ನದಲ್ಲಿ ಕಿವಿ ನೆಟ್ಟಗಾಗಿದ್ದು ಆಗ ಮಾತ್ರ. ಕೊನೆಗೆ ಕೊಟ್ಟ ಪ್ರಶ್ನೆಪತ್ರಿಕೆ ಬೆಳಿಗ್ಗೆ ಕೊಟ್ಟಿದ್ದೇ. ಪಕ್ಕದವರದು ನೋಡಿ ಬರೆದದ್ದನ್ನು ನಾನು ಕಣ್ಣಾರೆ ಕಂಡೆ. ಇದರಲ್ಲಿ ಬಂದ ಅಂಕ ನೋಡಿ ಸಂಸ್ಥೆಯವರು ಖುಷಿಪಟ್ಟರೆ ಅದು ಅವರಿಗೆ ಬಿಟ್ಟದ್ದು. ಕೈಪಿಡಿಯ ಅಕ್ಷರ ನನ್ನ ಕನ್ನಡಕಕ್ಕೂ ಸಣ್ಣದಾಯಿತು.

ದೊಡ್ಡ ದೂರು ಎರಡಿವೆ. ಒಂದು, ತರಬೇತಿ ನಡೆದದ್ದು ಜನವರಿಯಲ್ಲಿ. ಆಗ ರೋಗದ ಕಾಲ ಶುರುವಾಗಿಬಿಟ್ಟಿರುತ್ತದೆ, ಅಡಿಕೆ ಕೊಯ್ಲೂ ಮುಗಿದಿರುವುದಿಲ್ಲ. ಕಾಡಿಗೆ ಹೆಚ್ಚು ಹೋಗುವ ಗಂಡಸರು ಒಬ್ಬರೂ ಬರಲಿಲ್ಲ. ನವೆಂಬರಿನಲ್ಲಿ, ಅದೂ ಸಂಜೆ ಹೊತ್ತು ಮಾಡಿದ್ದರೆ ಕೆಲವರಾದರೂ ಬರುತ್ತಿದ್ದರು.

ಇನ್ನೊಂದು, ಆಮೇಲೆ ಅವರ ಸುದ್ದಿಯೇ ಇಲ್ಲ. ಜಾರ್ಖಂಡ್, ಒಡಿಶಾದ ಹಳ್ಳಿಗಳಲ್ಲಿ ಏಕಜುಟ್ ಅನ್ನುವ ಸಂಸ್ಥೆ ಹೆಂಗಸರ ಗುಂಪುಗಳಲ್ಲಿ ಇದೇ ಥರ ಚಿತ್ರದ ಕಾರ್ಡು, ಕತೆ, ಆಟ ಇಟ್ಟುಕೊಂಡು ಬಾಣಂತಿ-ಮಗುವಿನ ಆರೋಗ್ಯದ ಚರ್ಚೆ ನಡೆಸಿತ್ತು. ಗುಂಪುಗಳಿದ್ದ ಕಡೆ ಮೂರು ವರ್ಷಗಳಲ್ಲಿ ನವಜಾತ ಶಿಶುಗಳ ಸಾವು 32% ಕಡಿಮೆ ಇತ್ತು ಅಂತ 2010ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂತು. ಆದರೆ ಅಲ್ಲಿ ಗುಂಪುಗಳು ತಿಂಗಳು ತಿಂಗಳೂ ಸೇರುತ್ತಿದ್ದವು. ನಮ್ಮಲ್ಲಿ ಒಮ್ಮೆ ಬಂದು ರಂಗೋಲಿ ಹಾಕಿಸಿ, ಫೋಟೋ ತೆಗೆದುಕೊಂಡು ಹೋದರು. ನಕ್ಷೆಯನ್ನು ಕಾಗದಕ್ಕೆ ಇಳಿಸಿಕೊಂಡದ್ದು ನಮ್ಮ ಆಶಾ ಕಾರ್ಯಕರ್ತೆಯೇ. ಹೊಸದಾಗಿ ಮಂಗ ಸತ್ತರೆ ಅದರಲ್ಲಿ ಗುರುತು ಹಾಕುತ್ತೇವೆ ಅಂತ ನಾವೇ ಮಾತಾಡಿಕೊಂಡಿದ್ದೇವೆ.

ಫೀಸೇನೂ ಇಲ್ಲ, ಬಸ್ ಚಾರ್ಜ್ ಅಲ್ಲೇ ಕೈಗೆ ಕೊಟ್ಟರು. ನಿಮ್ಮ ಪಂಚಾಯ್ತಿಗೆ ಇಂಥ ತರಬೇತಿ ಕರೆಸುವುದಾದರೆ ದಿನಾಂಕ ನೀವೇ ಗೊತ್ತುಮಾಡಿ. ಪ್ರೊಜೆಕ್ಟರ್ ಬೇಡ ಅನ್ನಿ. ಆ ಹೊತ್ತಿನಲ್ಲಿ ಇನ್ನೊಂದು ನಾಟಕ ಆಡಿಸಿ ಅಂತ ಕೇಳಿ. ಮುಂದಿನ ತಿಂಗಳು ಯಾವತ್ತು ಬರುತ್ತೀರಿ ಅನ್ನುವುದನ್ನು ಊಟಕ್ಕೆ ಮುಂಚೆಯೇ ಬರೆಸಿಕೊಳ್ಳಿ. ಊಟ ಆದಮೇಲೆ ಎಲ್ಲರಿಗೂ ಬಸ್ಸಿನ ಚಿಂತೆ.