ಕುಮಾರ ಪರ್ವತಕ್ಕೆ ಹೋಗೋರು ಪರ್ಮಿಟ್ ನೀವೇ ಮಾಡ್ಸಿ, ನಮ್ಮ ಥರ ಬಕ್ರಾ ಆಗ್ಬೇಡಿ

ಬರೀಬಾರ್ದು ಅಂದ್ಕೊಂಡಿದ್ದೆ, ಮರ್ಯಾದೆ ಪ್ರಶ್ನೆ. ಆದ್ರೆ ನಿನ್ನೆ ಆಫೀಸಲ್ಲಿ ಒಬ್ಬ, ನಮಗೆ ಟೋಪಿ ಹಾಕಿದ ಟ್ರೆಕ್ ಆರ್ಗನೈಸರ್‌ದೇ ಪೋಸ್ಟರ್ ತೋರಿಸಿ "ಇವ್ರು ಹೆಂಗೆ ಗುರು?" ಅಂತ ಕೇಳ್ದ, ತಡ್ಕೊಳ್ಳೋಕಾಗ್ಲಿಲ್ಲ.

ನಾನೂ ನನ್ನ ಫ್ರೆಂಡೂ ಮೂರು ವರ್ಷದಿಂದ ಕೆಪಿ ಕೆಪಿ (ಕುಮಾರ ಪರ್ವತ) ಅಂತ ಜಪ ಮಾಡ್ತಿದ್ವಿ. 1712 ಮೀಟರ್, ಕುಕ್ಕೆ ಕಡೆಯಿಂದ ಹತ್ತಿ ಅವತ್ತೇ ಇಳಿಯೋದು ಅಂದ್ರೆ 20 ಕಿಲೋಮೀಟರ್‌ಗೂ ಮೇಲೆ, ಸುಮ್ನೆ ಅಲ್ಲ. ಎರಡು ತಿಂಗಳು ಲಾಲ್‌ಬಾಗಲ್ಲಿ ಓಡಿದೀವಿ ಇದಕ್ಕೋಸ್ಕರ. 2024ರ ಜನವರೀಲಿ ಜಾತ್ರೆ ಥರ ಜನ ಸೇರಿದ್ದ ವಿಡಿಯೊ ವೈರಲ್ ಆದ್ಮೇಲೆ ಫಾರೆಸ್ಟ್‌ನೋರು ಆನ್‌ಲೈನ್ ಬುಕಿಂಗ್ ಮಾಡಿ ದಿನಕ್ಕಿಷ್ಟೇ ಜನ ಅಂತ ಇಟ್ಟಿದಾರಲ್ಲ, ನಮಗೆ ವೀಕೆಂಡ್ ಸ್ಲಾಟ್ ಸಿಗ್ಲೇ ಇಲ್ಲ. ಆಗ ಇನ್‌ಸ್ಟಾದಲ್ಲಿ ಸಿಕ್ಕಿದ್ದು ಈ ಆರ್ಗನೈಸರ್. ತಲೆಗೆ 3,400, ಟಿಟಿ (ಟೆಂಪೋ ಟ್ರಾವೆಲರ್), ತಿಂಡಿ, ಪರ್ಮಿಟ್ ಎಲ್ಲಾ ಸೇರಿ. ವೆಬ್‌ಸೈಟಲ್ಲಿ ಫುಲ್ ಅಂತಿದೆಯಲ್ಲ ಅಂದ್ರೆ "ನಮಗೆ ಕೋಟಾ ಇದೆ ಬ್ರೋ" ಅಂದ. ಕೋಟಾ ಅಂತೆ! ಫ್ರೆಂಡ್ ಆಗ್ಲೇ ಡೌಟ್ ಪಟ್ಟ, ನಾನೇ "ಲೋ ಸುಮ್ನಿರೋ" ಅಂದು ಇಬ್ಬರದೂ ಯುಪಿಐ ಮಾಡ್ದೆ.

ಶುಕ್ರವಾರ ರಾತ್ರಿ ಗೊರಗುಂಟೆಪಾಳ್ಯದಲ್ಲಿ ಟಿಟಿ ಹತ್ತಿ ಬೆಳಗ್ಗೆ ಕುಕ್ಕೆ. ಲೀಡರ್ ಅಂತ ಬಂದಿದ್ದ ಹುಡುಗ "ನೀವು ನಡೀತಿರಿ ಅಣ್ಣ, ಹಿಂದೆ ಬರ್ತೀನಿ" ಅಂದೋನು ಪತ್ತೇನೇ ಇಲ್ಲ. ಕಾಡಲ್ಲಿ ಬೇರು ಕಲ್ಲು ತುಳ್ಕೊಂಡು ಏದುಸಿರು ಬಿಡ್ತಾ ಗಿರಿಗದ್ದೆ ತಲುಪಿ, ಟ್ರೆಕ್ಕರ್‌ಗಳಿಗೆ ಊಟ ಹಾಕೋ ಭಟ್ಟರ ಮನೆ ದಾಟಿ ಫಾರೆಸ್ಟ್ ಆಫೀಸ್ ಹತ್ರ ಹೋದ್ವಿ, ಎದುರಿಗೆ ಶೇಷ ಪರ್ವತ ನಿಂತಿದೆ, ಗಾರ್ಡ್ ಆಧಾರ್, ಪರ್ಮಿಟ್ ಕೇಳಿದ್ರು, ಆರ್ಗನೈಸರ್ ಕಳ್ಸಿದ್ದ ಪರ್ಮಿಟ್ ಪಿಡಿಎಫ್ ತೆಗೆದು ಫೋನ್ ಕೊಟ್ವಿ. ನೋಡಿದ್ರು. ಮತ್ತೆ ನೋಡಿದ್ರು. "ಈ ಪರ್ಮಿಟ್ ನಂಬರ್ ಬೇರೆ ಯಾರದ್ದೋ, ಅದೂ ಹೋದ ವಾರದ್ದು."

ಫ್ರೆಂಡ್ ಪಿಡಿಎಫ್ ಜೂಮ್ ಮಾಡಿ ತೋರಿಸ್ದ. ನಮ್ಮ ಹೆಸರು, ತಾರೀಕು ಎರಡೇ ಬೇರೆ ಫಾಂಟು. ನಾನು ಕೆಲಸ ಮಾಡೋದು ಬ್ಯಾಂಕಲ್ಲಿ, ದಿನಾ ಜನರ ಡಾಕ್ಯುಮೆಂಟ್ ಚೆಕ್ ಮಾಡೋದೇ ಕೆಲಸ. ಹಿಂದೆ ಕ್ಯೂನಲ್ಲಿದ್ದೋರೆಲ್ಲ ನೋಡ್ತಿದ್ರು, ಗಾರ್ಡ್ ಪಾಪ ಬೈಲೂ ಇಲ್ಲ, ಬೈದಿದ್ರೇ ಚೆನ್ನಾಗಿರ್ತಿತ್ತು.

ಸಿಗ್ನಲ್ ಹುಡ್ಕಿ ಫೋನ್ ಮಾಡಿದ್ರೆ ಆ ಆರ್ಗನೈಸರ್ ಪುಣ್ಯಾತ್ಮ, "ಗಾರ್ಡ್‌ಗೆ ಏನಾದ್ರೂ ಕೊಟ್ಟು ಅಡ್ಜಸ್ಟ್ ಮಾಡ್ಕೊಳ್ಳಿ ಬ್ರೋ." ಆಮೇಲೆ "ಸರ್ವರ್ ಪ್ರಾಬ್ಲಂ." ದುಡ್ಡು ವಾಪಸ್ ಕೇಳಿದ್ರೆ "ಟಿಟಿಲಿ ಬಂದಿದೀರ, ಇಡ್ಲಿ ತಿಂದಿದೀರ, ಯಾವ ರೀಫಂಡು?" ಕೊನೇ ಮೆಸೇಜ್ ಕೇಳಿ: "ಅರ್ಧ ಟ್ರೆಕ್ ಆಯ್ತಲ್ಲ ಬ್ರೋ, ವ್ಯೂ ಸಿಕ್ತಲ್ವಾ." ಆಮೇಲೆ ಬ್ಲಾಕ್. ವ್ಯೂ ಅಂತೆ! ಭಟ್ಟರ ಮನೇಲಿ ಅನ್ನ ಸಾರು ಉಂಡು ತಲೆ ತಗ್ಗಿಸ್ಕೊಂಡು ಇಳಿದ್ವಿ, ಮೊಣಕಾಲು ನೋವು ಬೇರೆ.

ಟಿಕೆಟ್ ಫಾರೆಸ್ಟ್‌ನೋರ ಅರಣ್ಯ ವಿಹಾರ ಸೈಟಲ್ಲಿ ನಿಮ್ಮ ಹೆಸರಲ್ಲಿ, ನಿಮ್ಮ ಮೊಬೈಲಿಂದ ನೀವೇ ಮಾಡ್ಕೊಳ್ಳಿ. ಸ್ಲಾಟ್ ಇಲ್ವಾ, ಹೋಗ್ಬೇಡಿ ಅಷ್ಟೇ. ಕೋಟಾ ಅಂದೋನ ನಂಬರ್ ಅಲ್ಲೇ ಡಿಲೀಟ್ ಮಾಡಿ. ನಾನು ಸೈಬರ್ ಕ್ರೈಂ ಸಹಾಯವಾಣಿ 1930ಗೆ ಕಂಪ್ಲೇಂಟ್ ಕೊಟ್ಟಿದೀನಿ, ದುಡ್ಡು ಬರುತ್ತೆ ಅನ್ನೋ ನಂಬಿಕೆ ಏನಿಲ್ಲ.

ಫ್ರೆಂಡ್‌ಗೆ ಅವನ 3,400 ನಾನೇ ಕೊಡ್ತೀನಿ ಅಂದೆ. "ದುಡ್ಡು ನೀನೇ ಇಟ್ಕೊ, ಮುಂದಿನ ಸಲ ಬುಕಿಂಗ್ ಮಾತ್ರ ಮುಟ್ಬೇಡ" ಅಂದ.