ದುಡ್ಡು ಬರುವ ಮುಂಚೆ ಓಪನ್ ಫೈಲ್ (ಯಾರು ಬೇಕಾದರೂ ತಿದ್ದಬಹುದಾದ ಮೂಲ ಫೈಲ್) ಕೊಡಬೇಡಿ, ಗಂಡ ಹೆಂಡತಿ ಸೇರಿ ಕೆಲಸ ಮಾಡುವವರಂತೂ ಇದನ್ನು ಪೂರ್ತಿ ಓದಿ

ಸಾಗರದಲ್ಲಿ ನಾವಿಬ್ಬರೂ ಸೇರಿ ಮನೆಯಿಂದಲೇ ಸಣ್ಣದಾಗಿ ಡಿಸೈನ್ ಕೆಲಸ ನಡೆಸುತ್ತೇವೆ. ನಾನು ಚಿತ್ರ ಬರೆಯುತ್ತೇನೆ. ಇವರು ಅದನ್ನು ಲೇಬಲ್, ಡಬ್ಬಿ, ಬೋರ್ಡು, ಮದುವೆ ಕಾಗದ, ಯಾವುದಕ್ಕೆ ಬೇಕೋ ಅದಕ್ಕೆ ಹೊಂದಿಸಿ ಪ್ರೆಸ್ಸಿಗೆ ಕಳಿಸುತ್ತಾರೆ. ಆರು ವರ್ಷದಲ್ಲಿ ಬಾಕಿ ತಡವಾಗಿದ್ದು ಉಂಟು, ಆದರೆ ಹೋದ ವರ್ಷ ಆದಂಥದ್ದು ಯಾವತ್ತೂ ಆಗಿರಲಿಲ್ಲ. ಮಲೆನಾಡಿನ ಕಡೆ ನಮ್ಮ ಹಾಗೆ ಇಬ್ಬರೇ ಕೂತು ಕೆಲಸ ಮಾಡುವವರು ಈಗ ತುಂಬಾ ಜನ ಇದ್ದಾರೆ. ಅವರಿಗೆ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಆ ವ್ಯಾಪಾರಿಯ ಹೆಸರು ಹಾಕುವುದಿಲ್ಲ, ವಿಷಯ ವಕೀಲರ ಹತ್ತಿರ ಇದೆ.

ಮಾರ್ಚ್ ತಿಂಗಳಲ್ಲಿ ಶಿವಮೊಗ್ಗದಿಂದ ಒಬ್ಬರು ಮನೆಗೇ ಬಂದರು. ಪರಿಚಯದವರು ಕಳಿಸಿದ್ದು. ಮಲೆನಾಡಿನ ತಿನಿಸು, ಸಾಂಬಾರ ಪದಾರ್ಥ ಮಾರುವ ಹೊಸ ವ್ಯಾಪಾರ, ಆರು ಲೇಬಲ್ ಬೇಕು ಅಂದರು. ಅಪ್ಪೆಮಿಡಿ (ಪರಿಮಳದ ಎಳೆ ಮಾವಿನಕಾಯಿ) ಉಪ್ಪಿನಕಾಯಿ, ಜೇನುತುಪ್ಪ, ಜೋನಿಬೆಲ್ಲ, ಹಲಸಿನ ಹಪ್ಪಳ, ಕಾಳುಮೆಣಸು, ಮುರುಗಲು. ಒಂದಕ್ಕೆ 8,000, ಒಟ್ಟು 48,000 ರೂಪಾಯಿ ಅಂತ ಮಾತಾಯಿತು. ಕಾಫಿ ಕುಡಿದರು, "ಅಕ್ಕಾ, ನಾವೆಲ್ಲ ಒಂದೇ ಕಡೆಯವರು, ಅಗ್ರಿಮೆಂಟು ಗಿಗ್ರಿಮೆಂಟು ಯಾಕೆ" ಅಂದರು, ಅಲ್ಲೇ 5,000 ಫೋನ್‌ಪೇ ಮಾಡಿ ಹೋದರು. ಆ ಐದು ಸಾವಿರ ನೋಡಿ ನಮಗೆ ಪೂರ್ತಿ ನಂಬಿಕೆ ಬಂದುಬಿಟ್ಟಿತು.

ನಾನು ಆ ಕೆಲಸವನ್ನು ಪ್ರೀತಿಯಿಂದ ಮಾಡಿದೆ. ಅಪ್ಪೆಮಿಡಿ ಬರೆಯೋಕೆ ತವರಿಗೆ ಹೋಗಿ, ಹಳ್ಳದ ಪಕ್ಕದ ಮರದಿಂದ ಒಂದು ಗೊಂಚಲು ಇಳಿಸಿಕೊಂಡು ಬಂದೆ. ಮಿಡಿಯ ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಆ ಸೊನೆಯಲ್ಲಿ. ಹಾಗಾಗಿ ತೊಟ್ಟು ಇಲ್ಲದ ಮಿಡಿಯ ಚಿತ್ರವನ್ನು ನಮ್ಮ ಕಡೆಯವರು ಒಪ್ಪುವುದೇ ಇಲ್ಲ. ತೊಟ್ಟಿನ ತುದಿಯಲ್ಲಿ ಒಂದು ಹನಿ ಸೊನೆ ಬರೆದೆ. ಗೊಂಚಲಿನ ಮೂರನೇ ಎಲೆಗೆ ಹುಳ ತಿಂದು ಒಂದು ತೂತಾಗಿತ್ತು, ಅದನ್ನೂ ಇದ್ದ ಹಾಗೇ ಬರೆದೆ.

ಲೇಬಲ್‌ನ ಅಂಚಿಗೆ ಹಸೆ ಚಿತ್ತಾರದ ಸಾಲು ಹಾಕಿದ್ದೆ. ಅದು ನಮ್ಮ ಭಾಗದ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಮದುವೆ ಮನೆಯ ಗೋಡೆ ಮೇಲೆ ಬರೆದುಕೊಂಡು ಬಂದ ಕಲೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾಗಿಸಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಬ್ರಷ್ಷಿನ ಬದಲು ಪುಂಡಿನಾರು. ನಾನು ಕಲಿತದ್ದು ಒಬ್ಬ ಹಿರಿಯಮ್ಮನ ಹತ್ತಿರ ಕೂತು. ಅದಕ್ಕೇ ಲೇಬಲ್‌ನ ಹಿಂದೆ "ಹಸೆ ಚಿತ್ತಾರ, ದೀವರ ಹೆಣ್ಣುಮಕ್ಕಳ ಕಲೆ" ಅಂತ ಒಂದು ಸಾಲು ಇರಲೇಬೇಕು ಅಂದಿದ್ದೆ. ಅವರೂ ಒಪ್ಪಿದ್ದರು.

ಜೂನ್ ಹೊತ್ತಿಗೆ ಆರೂ ಲೇಬಲ್ ರೆಡಿ. ಮಳೆ ಹಿಡಿದಿತ್ತು, ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುತ್ತಿತ್ತು. ಆವತ್ತು ಸಂಜೆ ಇವರ ಫೋನಿಗೆ ಒಂದು ಮೆಸೇಜು: "ಅಣ್ಣಾ, ಅಕ್ಕನ ಹತ್ತಿರ ಎಲ್ಲಾ ಮಾತಾಡಿದ್ದೀನಿ, ಬಾಕಿ ಸೋಮವಾರ ಹಾಕ್ತೀನಿ. ಪ್ರೆಸ್ಸಿನವರು ಪ್ಲೇಟ್ ಮಾಡ್ಸೋಕೆ ಕಾಯ್ತಿದಾರೆ, ಕೋರಲ್ ಫೈಲೇ ಕಳಿಸಿಬಿಡಿ." ಕೋರಲ್ ಅಂದರೆ ಡಿಸೈನ್ ಮಾಡುವ ಸಾಫ್ಟ್‌ವೇರ್, ಓಪನ್ ಫೈಲ್ ಅಂದಿದ್ದು ಅದರ ಫೈಲನ್ನೇ. ನನ್ನ ಫೋನಿಗೆ ಇನ್ನೊಂದು: "ಅಕ್ಕಾ, ಬಾಕಿ ತಿಂಗಳ ಕೊನೆಗೆ ಅಂದೆ, ಅಣ್ಣ ಪರವಾಗಿಲ್ಲ ಅಂದ್ರು."

ನಾನು ಅವರ ಹತ್ತಿರ ಏನೂ ಮಾತಾಡಿರಲಿಲ್ಲ. ಇವರು ಪರವಾಗಿಲ್ಲ ಅಂತ ಹೇಳಿರಲಿಲ್ಲ. ನಾನು ಅಡುಗೆ ಮನೆಯಲ್ಲಿದ್ದೆ, ಇವರು ಪಕ್ಕದ ಕೋಣೆಯಲ್ಲಿ, ಮಧ್ಯೆ ಒಂದು ಗೋಡೆ ಅಷ್ಟೇ. ಆದರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಇವರು ನಾನು ಒಪ್ಪಿದ್ದೇನೆ ಅಂದುಕೊಂಡು ಯುಪಿಎಸ್ ಆಫ್ ಆಗುವ ಮುಂಚೆ ಆರೂ ಓಪನ್ ಫೈಲ್ ಕಳಿಸಿಬಿಟ್ಟರು. ನಾನು ಇವರು ಒಪ್ಪಿದ್ದಾರೆ ಅಂದುಕೊಂಡು ತಿಂಗಳ ಕೊನೆವರೆಗೆ ಸುಮ್ನೆ ಇದ್ದೆ.

ಆಮೇಲಿನದು ನಿಮಗೇ ಗೊತ್ತಾಗಿರಬೇಕು. ಮೊದಲು ಫೋನ್ ಎತ್ತಿದರು, ಆಮೇಲೆ ಮೀಟಿಂಗಲ್ಲಿದ್ದೀನಿ ಅಂದರು, ಆಮೇಲೆ ಎತ್ತುವುದೇ ಬಿಟ್ಟರು. ಕೊನೆಗೊಮ್ಮೆ ಬೇರೆ ನಂಬರಿನಿಂದ ಸಿಕ್ಕಾಗ, "ನೀವು ಮಾಡಿದ್ದು ಸ್ಯಾಂಪಲ್ ಅಲ್ವಾ, ನಮಗೆ ಸರಿಬರಲಿಲ್ಲ, ಬೇರೆಯವರ ಹತ್ತಿರ ಮಾಡಿಸಿದ್ವಿ" ಅಂದರು.

ದೀಪಾವಳಿಯ ಮುಂಚೆ ಬಟ್ಟೆ ತರೋಕೆ ಅಂತ ಶಿವಮೊಗ್ಗಕ್ಕೆ ಹೋಗಿದ್ದೆವು. ಗಾಂಧಿ ಬಜಾರಿನ ಹತ್ತಿರ ಒಂದು ಅಂಗಡಿಯಲ್ಲಿ ಉಪ್ಪಿನಕಾಯಿ ಬಾಟಲಿಗಳ ಸಾಲು ಕಂಡಿತು. ಬಣ್ಣ ಬದಲಾಗಿತ್ತು, ಅಕ್ಷರ ಬದಲಾಗಿತ್ತು. ಚಿತ್ರ ನನ್ನದೇ. ಅದೇ ತೊಟ್ಟು, ಅದೇ ಸೊನೆ ಹನಿ, ಮೂರನೇ ಎಲೆಯ ತೂತು ಕೂಡ ಅಲ್ಲೇ ಇತ್ತು. ಹಸೆಯ ಅಂಚನ್ನು ಲೇಬಲ್ ಸೈಜಿಗೆ ಅರ್ಧಕ್ಕೇ ಕತ್ತರಿಸಿದ್ದರು. ಹಿಂದೆ ತಿರುಗಿಸಿ ನೋಡಿದರೆ ದೀವರ ಹೆಣ್ಣುಮಕ್ಕಳ ಆ ಸಾಲು ಇಲ್ಲ. ದುಡ್ಡಿಗಿಂತ ಜಾಸ್ತಿ ನನಗೆ ಸಂಕಟ ಆಗಿದ್ದು ಅದಕ್ಕೆ. ಹಿರಿಯಮ್ಮನಿಗೆ ಏನಂತ ಮುಖ ತೋರಿಸಲಿ?

ಬಸ್ಸಲ್ಲಿ ವಾಪಸ್ ಬರುವಾಗ "ಫೈಲ್ ಕಳಿಸಿದ್ದು ನೀವು" ಅಂದುಬಿಟ್ಟೆ. ಇವರು ಏನೂ ಹೇಳಲಿಲ್ಲ, ರಾತ್ರಿ ಊಟಾನೂ ಮಾಡಲಿಲ್ಲ. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಇಬ್ಬರ ಫೋನನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು, ಮಾರ್ಚ್‌ನಿಂದ ಒಂದೊಂದೇ ಮೆಸೇಜನ್ನು ತಾರೀಖಿನ ಪ್ರಕಾರ ಓದಿದೆವು. ಆಗ ಅರ್ಥ ಆಯಿತು. ಶುರುವಿನಿಂದಲೂ ಆ ಮನುಷ್ಯ ನನ್ನ ಹತ್ತಿರ ಚಿತ್ರದ ಮಾತು, ಇವರ ಹತ್ತಿರ ಫೈಲಿನ ಮಾತು ಆಡಿದ್ದಾರೆ, ದುಡ್ಡಿನ ಮಾತು ಬಂದಾಗೆಲ್ಲ "ಅಣ್ಣನಿಗೆ ಹೇಳಿದ್ದೀನಿ", "ಅಕ್ಕನಿಗೆ ಗೊತ್ತು" ಅಂತ ಇಬ್ಬರ ಮಧ್ಯೆ ಓಡಾಡಿಸಿದ್ದಾರೆ. ಒಟ್ಟು ಏಳು ಕಡೆ ಹಾಗಿತ್ತು. ಇಬ್ಬರೇ ಇರುವ ಕೆಲಸದಲ್ಲಿ ಮೋಸ ಮಾಡುವವರಿಗೆ ಇದೇ ಸುಲಭದ ದಾರಿ, ದಯವಿಟ್ಟು ಇದನ್ನು ಗಮನಿಸಿ.

ವಕೀಲರು ಮೊದಲು ಕೇಳಿದ್ದು "ಬರವಣಿಗೆಯಲ್ಲಿ ಏನಿದೆ" ಅಂತ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಾಮಾನ್ಯವಾಗಿ ಚಿತ್ರದ ಹಕ್ಕು ಬರೆದವರದ್ದೇ, ಅದಕ್ಕೆ ರಿಜಿಸ್ಟರ್ ಮಾಡಿಸಲೇಬೇಕು ಅಂತಿಲ್ಲ, ಹಕ್ಕು ಬೇರೆಯವರಿಗೆ ಬರೆದುಕೊಡುವುದಿದ್ದರೆ ಅದು ಸಹಿ ಹಾಕಿದ ಕಾಗದದಲ್ಲಿ ಇರಬೇಕು. ಆದರೆ ದುಡ್ಡು ಕೊಟ್ಟು ಹೇಳಿ ಬರೆಸಿದ ಕೆಲವು ಬಗೆಯ ಚಿತ್ರಗಳ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರಿಗೇ ಹೋಗುತ್ತದೆ ಅಂತಲೂ ಅದೇ ಕಾಯ್ದೆಯಲ್ಲಿದೆ. ಆ 5,000ವನ್ನು ಅವರು ಅದಕ್ಕೇ ಆಧಾರ ಮಾಡಿಕೊಳ್ಳಬಹುದು ಅಂದರು ವಕೀಲರು. ಒಂದು ಪುಟದ ಕಾಗದ ಇದ್ದಿದ್ದರೆ ಈ ವಾದಕ್ಕೆ ಜಾಗವೇ ಇರುತ್ತಿರಲಿಲ್ಲ. ಈಗ ನಮ್ಮ ಕೈಯಲ್ಲಿರುವುದು ಪೆನ್ಸಿಲ್ ಸ್ಕೆಚ್ಚುಗಳು, ತಾರೀಖಿರುವ ಫೈಲುಗಳು, ಮೆಸೇಜುಗಳು. ನೋಟಿಸ್ ಹೋಗಿದೆ. ಉತ್ತರ ಬಂದಿಲ್ಲ, ಬಾಕಿ 43,000ವೂ ಬಂದಿಲ್ಲ.

ಇನ್ನೊಂದು ವಿಷಯ ನಮಗೆ ತಡವಾಗಿ ಗೊತ್ತಾಯಿತು. ಉದ್ಯಮ್ ರಿಜಿಸ್ಟ್ರೇಶನ್, ಅಂದರೆ ಸಣ್ಣ ಉದ್ದಿಮೆಗಳಿಗೆ ಇರುವ ಸರ್ಕಾರದ ನೋಂದಣಿ, ಮಾಡಿಸಿಕೊಳ್ಳಿ. ಸರ್ಕಾರದ ವೆಬ್‌ಸೈಟಲ್ಲಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ, ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. 2006ರ ಸಣ್ಣ ಉದ್ದಿಮೆಗಳ ಕಾಯ್ದೆ ಪ್ರಕಾರ ನಮ್ಮಂಥವರ ಬಿಲ್ಲನ್ನು, ಬರವಣಿಗೆಯ ಒಪ್ಪಂದ ಇದ್ದರೂ, 45 ದಿನಕ್ಕಿಂತ ಜಾಸ್ತಿ ಬಾಕಿ ಇಡುವಂತಿಲ್ಲ. ಒಪ್ಪಂದದಲ್ಲಿ ದಿನ ಗೊತ್ತು ಮಾಡದಿದ್ದರೆ 15 ದಿನ ಅಷ್ಟೇ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ಅದಕ್ಕಾಗಿಯೇ ಇರುವ ಕೌನ್ಸಿಲ್‌ಗೆ ಆನ್‌ಲೈನಲ್ಲೇ ದೂರು ಕೊಡಬಹುದು. ಆದರೆ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ರಿಜಿಸ್ಟ್ರೇಶನ್ ಆಗಿರಬೇಕು, ಇಲ್ಲದಿದ್ದರೆ ಅದೇ ದೊಡ್ಡ ತಕರಾರಾಗುತ್ತದೆ. ನಮ್ಮದು ಆಗಿರಲಿಲ್ಲ.

ಈಗ ದುಡ್ಡಿನ ಮಾತು ಇವರೊಬ್ಬರದೇ. ನನ್ನ ಹತ್ತಿರ ಯಾರೇ ಎತ್ತಿದರೂ "ಅವರನ್ನೇ ಕೇಳಿ" ಅನ್ನುತ್ತೇನೆ, ನೆಂಟರಾದರೂ ಅಷ್ಟೇ. ನಾವಿಬ್ಬರು, ಕೆಲಸ ಕೊಟ್ಟವರು, ಮೂವರೂ ಇರುವ ಒಂದೇ ವಾಟ್ಸಾಪ್ ಗ್ರೂಪು, ಅದರ ಹೊರಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಅಡ್ವಾನ್ಸ್ ಅರ್ಧ. ನೋಡೋಕೆ ಕಳಿಸುವುದು ಚಿತ್ರದ ಮೇಲೆ ಅಡ್ಡಲಾಗಿ ನಮ್ಮ ಹೆಸರು ಹಾಕಿದ, ಪ್ರಿಂಟಿಗೆ ಬಾರದ ಸಣ್ಣ ಜೆಪೆಗ್. ಪೂರ್ತಿ ದುಡ್ಡು ಖಾತೆಗೆ ಬಂದ ಮೇಲೆ ಪ್ರಿಂಟಿಗೆ ಪಿಡಿಎಫ್. ಓಪನ್ ಫೈಲ್ ಬೇಕಂದರೆ ಅದಕ್ಕೆ ಬೇರೆ ರೇಟು, ಬೇರೆ ಕಾಗದ. ಹೀಗಂದಾಗ ಇಬ್ಬರು ಕೆಲಸ ಕೊಡದೆ ವಾಪಸ್ ಹೋದರು. ಹೋಗಲಿ.

ವಕೀಲರು ನೋಡಿ ತಿದ್ದಿದ ಒಂದು ಪುಟದ ಒಪ್ಪಂದ ಕನ್ನಡದಲ್ಲೇ ಮಾಡಿಟ್ಟುಕೊಂಡಿದ್ದೇವೆ. ಬೇಕಾದವರು ಕೇಳಿ, ಕಳಿಸುತ್ತೇನೆ. ತೀರ್ಥಹಳ್ಳಿ, ಹೊಸನಗರ, ಸೊರಬದ ಕಡೆ ಯಾರಿಗಾದರೂ "ಆರು ಲೇಬಲ್, ಒಂದೇ ಕಡೆಯವರು" ಅಂತ ಮನೆಗೇ ಬಂದು ಐದು ಸಾವಿರ ಕೊಟ್ಟು ಹೋದವರು ಇದ್ದರೆ, ಫೈಲ್ ಕಳಿಸುವ ಮುಂಚೆ ನನಗೊಂದು ಮೆಸೇಜ್ ಹಾಕಿ.