ಡಯಾಬ್ಲೋ 2 ಈಗ ಶುರು ಮಾಡುವವರೇ, ಹೆಲ್‌ಗೆ ಕಾಲಿಡುವ ಮುಂಚೆ ಇಷ್ಟು ತಿಳಿದಿರಲಿ

ರಾಕ್ಷಸರನ್ನು ಕೊಂದು ಸಾಮಾನು ಕಲೆಹಾಕುವ ಕಂಪ್ಯೂಟರ್ ಆಟ ಡಯಾಬ್ಲೋ 2 ಬಂದದ್ದು 2000ದ ಜೂನ್‌ನಲ್ಲಿ. ಮರುವರ್ಷ ಅದರ ವಿಸ್ತರಣೆ ಲಾರ್ಡ್ ಆಫ್ ಡಿಸ್ಟ್ರಕ್ಷನ್ ಬಂತು, 2021ರ ಸೆಪ್ಟೆಂಬರ್‌ನಲ್ಲಿ ಹೊಸ ಗ್ರಾಫಿಕ್ಸ್ ತೊಟ್ಟುಕೊಂಡು ರಿಸರೆಕ್ಟೆಡ್. ಇಷ್ಟು ಹಳೇ ಆಟ ಈಗಲೂ ಆಡೋ ಹಾಗಿದೆಯಾ ಎಂದು ಯಾರಾದರೂ ಕೇಳಿದರೆ ‘ಕಣ್ಣು ಮುಚ್ಚಿ ತಗೊಳ್ಳಿ’ ಅನ್ನುವುದೇ ಮಾಮೂಲಿ ಉತ್ತರ. ಆಟಕ್ಕೆ ನಾರ್ಮಲ್, ನೈಟ್‌ಮೇರ್, ಹೆಲ್ ಎಂಬ ಮೂರು ಡಿಫಿಕಲ್ಟಿ (ಕಷ್ಟದ ಮಟ್ಟ), ಒಂದೊಂದರಲ್ಲೂ ಐದು ಆಕ್ಟ್ (ಅಂಕ). ಹಾಗೆ ತಗೊಂಡ ಬಹಳ ಜನರಿಗೆ ಆಗುವುದು ಇದು: ನಾರ್ಮಲ್ ಮಜವಾಗಿ ಮುಗಿಯುತ್ತದೆ, ನೈಟ್‌ಮೇರ್ ಏದುಸಿರು ಬಿಟ್ಟುಕೊಂಡು ಮುಗಿಯುತ್ತದೆ, ಹೆಲ್‌ನ ಮೊದಲ ಆಕ್ಟ್‌ನಲ್ಲೇ ಪಾತ್ರ ಮಕಾಡೆ ಮಲಗುತ್ತದೆ. ಅಷ್ಟು ದಿನದ ಆಟ ನೀರಿನಲ್ಲಿ ಹೋಮ. ಆಟ ಕೆಟ್ಟದ್ದೇನಲ್ಲ. ತನ್ನ ನಿಯಮಗಳನ್ನು ಅದು ಬಾಯಿಬಿಟ್ಟು ಹೇಳುವುದಿಲ್ಲ, ತೊಂದರೆ ಇರುವುದು ಅಲ್ಲಿ.

ಮೊದಲ ಪೆಟ್ಟು ರೆಸಿಸ್ಟೆನ್ಸ್‌ನದು, ಅಂದರೆ ಇಂಥ ಹೊಡೆತವನ್ನು ಶೇಕಡಾ ಎಷ್ಟು ತಡೆಯುತ್ತೀರಿ ಅನ್ನುವುದು. ಬೆಂಕಿ, ಶೀತ, ಮಿಂಚು, ವಿಷ ನಾಲ್ಕಕ್ಕೂ ಮಾಮೂಲಿ ಮಿತಿ 75. ನೈಟ್‌ಮೇರ್‌ಗೆ ಹೋದೊಡನೆ ಪ್ರತಿಯೊಂದರಲ್ಲೂ 40 ಕಡಿತ, ಹೆಲ್‌ನಲ್ಲಿ 100 ಕಡಿತ. ಅಂದರೆ ಹೆಲ್‌ನಲ್ಲಿ 75 ಕಾಣಬೇಕಾದರೆ ಒಟ್ಟು 175 ಬೇಕು. ಐದನೇ ಆಕ್ಟ್‌ನಲ್ಲಿ ಆನ್ಯಾಳನ್ನು ಬಿಡಿಸಿದರೆ ಆಕೆ ಕೊಡುವ ಸ್ಕ್ರೋಲ್‌ನಿಂದ ಒಂದೊಂದು ಡಿಫಿಕಲ್ಟಿಗೆ 10ರಂತೆ ಒಟ್ಟು 30 ಬರುತ್ತದೆ. ಸ್ಕ್ರೋಲ್ ಮೇಲೆ ರೈಟ್ ಕ್ಲಿಕ್ ಮಾಡಿ ಓದಿದರೆ ಮಾತ್ರ ಅದು ಸೇರುವುದು. ಸ್ಟ್ಯಾಷ್‌ನಲ್ಲಿ (ಊರಿನ ಸಾಮಾನು ಪೆಟ್ಟಿಗೆ) ಹಾಗೇ ಬಿದ್ದಿರುವ ಸ್ಕ್ರೋಲ್‌ಗಳಿಗೇನೂ ಕಡಿಮೆಯಿಲ್ಲ. ಉಳಿದ 145 ಮೈಮೇಲಿನ ಸಾಮಾನು ಮತ್ತು ಚೀಲದಲ್ಲಿಟ್ಟರೇ ಫಲ ಕೊಡುವ ಚಾರ್ಮ್‌ಗಳಿಂದಲೇ ಬರಬೇಕು. ಹೊಸಬರು ಡ್ಯಾಮೇಜ್ ನೋಡಿ ಸಾಮಾನು ಆರಿಸುತ್ತಾರೆ, ಡಿಫೆನ್ಸ್ ಸಂಖ್ಯೆ ದೊಡ್ಡದಿದ್ದರೆ ಹಿಗ್ಗುತ್ತಾರೆ. ಡಿಫೆನ್ಸ್‌ಗೆ ಮಿಂಚು, ಬೆಂಕಿಯ ಮಂತ್ರ ತಡೆಯುವ ಶಕ್ತಿ ಇಲ್ಲ. ಓಡುತ್ತಿರುವಾಗಂತೂ ಅದು ಲೆಕ್ಕಕ್ಕೇ ಬರುವುದಿಲ್ಲ.

ಇದಕ್ಕೆ ಅಗ್ಗದ ಮದ್ದು ಒಂದಿದೆ. ಐದನೇ ಆಕ್ಟ್‌ನಲ್ಲಿ ಸೈನಿಕರನ್ನು ಬಿಡಿಸಿದ್ದಕ್ಕೆ ಕ್ವಾಲ್-ಕೆಹ್ಕ್ ಮೂರು ರೂನ್ (ಸಾಮಾನಿನ ತೂತಿಗೆ ಕೂರಿಸುವ ಮಂತ್ರದ ಕಲ್ಲು) ಕೊಡುತ್ತಾನೆ: ತಾಲ್, ರಾಲ್, ಓರ್ಟ್. ಮೂರೇ ತೂತಿರುವ ಗುರಾಣಿಗೆ ರಾಲ್, ಓರ್ಟ್, ತಾಲ್ ಎಂಬ ಕ್ರಮದಲ್ಲಿ ಹಾಕಿದರೆ ಏನ್ಷಿಯೆಂಟ್ಸ್ ಪ್ಲೆಡ್ಜ್ ಆಗುತ್ತದೆ. ನಾಲ್ಕೂ ರೆಸಿಸ್ಟೆನ್ಸ್ 40ರ ಮೇಲೆ ಏರುತ್ತವೆ. ಅವನು ಕೊಟ್ಟ ಕ್ರಮದಲ್ಲೇ ಹಾಕಿದರೆ ಕೆಟ್ಟಿತು.

ಹೀಗೆ ಕ್ರಮವಾಗಿ ಹಾಕಿದ ರೂನ್‌ಗಳಿಂದ ಆಗುವ ರೂನ್‌ವರ್ಡ್‌ನಲ್ಲಿ ಕೈ ಸುಟ್ಟುಕೊಳ್ಳುವುದು ಇಲ್ಲೇ. ಸಾಮಾನಿನ ಹೆಸರು ಬೂದು ಬಣ್ಣದ್ದಿರಬೇಕು. ನೀಲಿ, ಹಳದಿ ಬಣ್ಣದ್ದಕ್ಕೆ ರೂನ್ ಕೂರುತ್ತದೆ, ರೂನ್‌ವರ್ಡ್ ಆಗುವುದಿಲ್ಲ. ತೂತುಗಳ ಸಂಖ್ಯೆ ಒಂದು ಹೆಚ್ಚಿದ್ದರೂ ಆಗುವುದಿಲ್ಲ. ಸ್ಪಿರಿಟ್ ಉದಾಹರಣೆ ತಗೊಳ್ಳಿ: ತಾಲ್, ಥುಲ್, ಓರ್ಟ್, ಆಮ್ನ್, ಸರಿಯಾಗಿ ನಾಲ್ಕು ತೂತಿನ ಕತ್ತಿ ಅಥವಾ ಗುರಾಣಿ. ಐದನೇ ಆಕ್ಟ್‌ನ ಕಮ್ಮಾರ ಲಾರ್ಜುಕ್ ಡಿಫಿಕಲ್ಟಿಗೆ ಒಮ್ಮೆ ಪುಕ್ಕಟೆ ತೂತು ಹಾಕಿಕೊಡುತ್ತಾನೆ, ಆದರೆ ತೂತಿಲ್ಲದ ಬಿಳಿ ಹೆಸರಿನ ಸಾಮಾನಿಗೆ ಅವನು ಹಾಕುವುದು ಸಾಧ್ಯವಿರುವ ಗರಿಷ್ಠ ಸಂಖ್ಯೆ. ಕ್ರಿಸ್ಟಲ್ ಸ್ವೋರ್ಡ್‌ನ ಐಟಂ ಲೆವೆಲ್ 25ರವರೆಗೆ ಇದ್ದರೆ ಮೂರು, 26ರಿಂದ 40ರೊಳಗೆ ನಾಲ್ಕು, 40 ದಾಟಿದರೆ ಆರು. ಆ ಲೆವೆಲ್ ಪರದೆಯ ಮೇಲೆ ಎಲ್ಲೂ ಕಾಣುವುದಿಲ್ಲ. ಹೆಲ್‌ನಲ್ಲಿ ಬಿದ್ದ ಕತ್ತಿ ಒಯ್ದರೆ ಆರು ತೂತಾಗಿ ವಾಪಸ್ ಬರುತ್ತದೆ. ನಾರ್ಮಲ್‌ನ ಕೌ ಲೆವೆಲ್‌ನಲ್ಲಿ ಹಸುಗಳು ಬೀಳಿಸಿದ ಕತ್ತಿ ಒಯ್ಯಿರಿ, ನಾಲ್ಕು ಸಿಗುತ್ತದೆ. ತಪ್ಪಿ ಹಾಕಿದ ರೂನ್ ತೆಗೆಯಲು ಸಾಮಾನು ಬೆರೆಸುವ ಪೆಟ್ಟಿಗೆ ಹೊರಾಡ್ರಿಕ್ ಕ್ಯೂಬ್‌ನಲ್ಲಿ ಆ ಸಾಮಾನು, ಹೆಲ್ (Hel) ಎಂಬ ಹೆಸರಿನ ಒಂದು ರೂನ್, ಒಂದು ಟೌನ್ ಪೋರ್ಟಲ್ (ಊರಿಗೆ ಬಾಗಿಲು ತೆರೆಯುವ) ಸ್ಕ್ರೋಲ್ ಇಟ್ಟು ಒತ್ತಬಹುದು. ತೂತು ಖಾಲಿಯಾಗುತ್ತದೆ, ರೂನ್ ಮಾತ್ರ ನಾಶ.

ಎರಡನೇ ಪೆಟ್ಟು ಇಮ್ಯುನಿಟಿ. ಹೆಲ್‌ನಲ್ಲಿ ಒಂದಲ್ಲ ಒಂದು ಬಗೆಯ ಹೊಡೆತ ನಾಟದ ರಾಕ್ಷಸರು ಹೆಜ್ಜೆಹೆಜ್ಜೆಗೂ ಇದ್ದಾರೆ. ಬರೀ ಬೆಂಕಿಯ ಸಾರ್ಸರೆಸ್ (ಮಂತ್ರಗಾತಿ) ಕಟ್ಟಿದವರು ಬೆಂಕಿ ತಾಗದ ಗುಂಪಿನ ಮುಂದೆ ಎಷ್ಟು ಫೈರ್‌ಬಾಲ್ ಎಸೆದರೂ ರಕ್ತದ ಗೆರೆ ಅಲ್ಲಾಡುವುದಿಲ್ಲ. ಆರ್ಕೇನ್ ಸ್ಯಾಂಕ್ಚುಯರಿಯ ದೆವ್ವಗಳಿಗೆ ಕತ್ತಿ, ಬಾಣ ತಾಗದು, ಬರೀ ತೋಳ್ಬಲದ ಬಾರ್ಬೇರಿಯನ್ ಅಲ್ಲಿ ಸುಮ್ಮನೆ ನಿಲ್ಲಬೇಕು. 2022ರಲ್ಲಿ ರಿಸರೆಕ್ಟೆಡ್‌ಗೆ ಸೇರಿಸಿದ ಸಂಡರ್ ಚಾರ್ಮ್‌ಗಳು ಇಮ್ಯುನಿಟಿ ಒಡೆಯುತ್ತವೆ, ಆದರೆ ಅವು ಬೀಳುವುದು ಆಟ ಮುಗಿಸಿದವರ ಕಾಲಬಳಿ. ಮೊದಲ ಪಾತ್ರಕ್ಕೆ ನೆಚ್ಚಿಕೊಳ್ಳಬಾರದು.

ಪಾಯಿಂಟ್‌ಗಳ ಲೆಕ್ಕವೂ ಬಿಗಿ. 80ನೇ ಲೆವೆಲ್‌ಗೆ 79 ಸ್ಕಿಲ್ ಪಾಯಿಂಟ್, ಕ್ವೆಸ್ಟ್‌ಗಳಿಂದ 12, ಒಟ್ಟು 91. ಒಂದು ಸ್ಕಿಲ್‌ಗೆ 20 ತುಂಬಿಸಿದರೆ ನಾಲ್ಕು ಸ್ಕಿಲ್, ಚಿಲ್ಲರೆ ಹನ್ನೊಂದು. 2003ರ 1.10 ಪ್ಯಾಚ್‌ನಿಂದ ಸಿನರ್ಜಿ ಬಂದ ಮೇಲೆ ಒಂದು ಸ್ಕಿಲ್‌ನ ಬಲ ಅದರ ನಂಟಿನ ಸ್ಕಿಲ್‌ಗಳನ್ನು ಅವಲಂಬಿಸಿದೆ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹಾಕಿದ ಪಾತ್ರ ಯಾವುದಕ್ಕೂ ಆಗದು. ಮೊದಲ ಸಲಕ್ಕೆ ಬ್ಲೆಸ್ಡ್ ಹ್ಯಾಮರ್‌ನ ಪ್ಯಾಲಡಿನ್ ಒಳ್ಳೆಯದು: ಹ್ಯಾಮರ್, ಕಾನ್ಸಂಟ್ರೇಷನ್, ವಿಗರ್, ಬ್ಲೆಸ್ಡ್ ಏಮ್ ನಾಲ್ಕಕ್ಕೂ 20. ಆ ಸುತ್ತಿಗೆಯ ಹೊಡೆತ ತಾಗದ ರಾಕ್ಷಸರು ಬೆರಳೆಣಿಕೆಯಷ್ಟೇ. ಸಾರ್ಸರೆಸ್ಸೇ ಬೇಕೆಂದರೆ 24ನೇ ಲೆವೆಲ್‌ವರೆಗೆ ಬೆಂಕಿಯಲ್ಲಿ ಆಡಿ, ಬ್ಲಿಝಾರ್ಡ್ ತೆರೆದೊಡನೆ ಮೊದಲ ಆಕ್ಟ್‌ನ ಅಕಾರಾಳ ಹತ್ತಿರ ಪಾಯಿಂಟ್ ಹಿಂಪಡೆದು ಶೀತಕ್ಕೆ ಬದಲಾಯಿಸಿ. 2010ರ 1.13 ಪ್ಯಾಚ್‌ನಿಂದ ಈ ಸೌಲಭ್ಯ ಇದೆ, ಡೆನ್ ಆಫ್ ಈವಿಲ್ ಮುಗಿಸಿದ್ದಕ್ಕೆ ಡಿಫಿಕಲ್ಟಿಗೆ ಒಂದರಂತೆ ಮೂರೇ ಸಲ. ಆಮೇಲೆ ಬೇಕೆಂದರೆ ಹೆಲ್‌ನ ದೊಡ್ಡ ಬಾಸ್‌ಗಳಿಂದ ನಾಲ್ಕು ಬಗೆಯ ಎಸೆನ್ಸ್ ಕಲೆಹಾಕಿ ಕ್ಯೂಬ್‌ನಲ್ಲಿ ಟೋಕನ್ ಮಾಡಬೇಕು. ಹೆಲ್ ದಾಟಲಾಗದೆ ಸಿಕ್ಕಿಬಿದ್ದವರಿಗೆ ಹೆಲ್‌ನ ಬಾಸ್ ಕೊಂದು ಬಾ ಅನ್ನುವ ನ್ಯಾಯ.

ಸ್ಟ್ಯಾಟ್ ವಿಷಯ ಸರಳ. ಸಾಮಾನು ತೊಡಲು ಬೇಕಾದಷ್ಟೇ ಸ್ಟ್ರೆಂತ್, ಗುರಾಣಿಯಿಂದ ತಡೆಯಬೇಕಾದರೆ ಡೆಕ್ಸ್‌ಟೆರಿಟಿ, ಮಿಕ್ಕಿದ್ದೆಲ್ಲ ವೈಟಾಲಿಟಿ. ಸಾರ್ಸರೆಸ್ ಅಂದಕೂಡಲೇ ಎನರ್ಜಿಗೆ ಸುರಿಯಬೇಡಿ.

ಇನ್ನೊಂದು ಮುಚ್ಚಿಟ್ಟ ಗಂಟು ಕ್ಯಾಸ್ಟ್ ವೇಗ, ಅಂದರೆ ಮಂತ್ರ ಹಾಕುವ ವೇಗ. ಆಟದ ಒಳಗಡಿಯಾರ ಸೆಕೆಂಡಿಗೆ 25 ಫ್ರೇಮ್‌ನದು, ವೇಗ ಏರುವುದು ಫ್ರೇಮ್ ಲೆಕ್ಕದಲ್ಲಿ. ಬಹುಪಾಲು ಮಂತ್ರಗಳಿಗೆ ಸಾರ್ಸರೆಸ್‌ನ ಮೆಟ್ಟಿಲುಗಳು 9, 20, 37, 63, 105, 200. ಶೇಕಡಾ 62 ಇದ್ದರೂ 37 ಇದ್ದರೂ ಫಲ ಒಂದೇ. ಶೇಕಡಾ 10ರ ಉಂಗುರಕ್ಕೆ ಒಳ್ಳೇ ರೂನ್ ಕೊಟ್ಟು ಬರುವ ಮುಂಚೆ ಅದರಿಂದ ಮುಂದಿನ ಮೆಟ್ಟಿಲು ದಾಟುತ್ತೀರಾ ನೋಡಿ.

ನಾರ್ಮಲ್‌ನಲ್ಲೇ ಕೆಲವರು ಬಿಟ್ಟು ಹೋಗುವ ಜಾಗ ಎರಡನೇ ಆಕ್ಟ್. ಮ್ಯಾಗಟ್ ಲೇರ್‌ನ ಸುರಂಗದಲ್ಲಿ ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ನೆಕ್ರೋಮ್ಯಾನ್ಸರ್‌ನ ಅಸ್ಥಿಪಂಜರಗಳು ಹಿಂದೆ ಸಾಲುಗಟ್ಟಿ ನಿಲ್ಲುತ್ತವೆ, ಮುಂದಿನ ಜೀರುಂಡೆಗಳು ಹೊಡೆದಾಗಲೆಲ್ಲ ಮಿಂಚಿನ ಕಿಡಿ ಉಗುಳುತ್ತವೆ. ಆಕ್ಟ್‌ನ ಕೊನೆಗೆ ತಾಲ್ ರಾಶನ ಗೋರಿಯ ಪುಟ್ಟ ಕೋಣೆಯಲ್ಲಿ ಡೂರಿಯಲ್. ಒಳಗೆ ಕಾಲಿಟ್ಟೊಡನೆ ಮೈಮೇಲೆ ಎರಗುತ್ತಾನೆ, ಅವನ ಹೋಲಿ ಫ್ರೀಝ್ ಔರಾದಿಂದ ನಿಮ್ಮ ನಡಿಗೆ, ಏಟು ಎಲ್ಲ ನಿಧಾನ. ಒಳಹೋಗುವ ಮುಂಚೆ ಹೊರಗಡೆಯೇ ಟೌನ್ ಪೋರ್ಟಲ್ ತೆರೆದಿಡಿ. ಸತ್ತು ಊರಲ್ಲಿ ಎದ್ದ ಮೇಲೆ ಆ ಪೋರ್ಟಲ್‌ನಿಂದ ಬಂದರೆ ಅವನ ಎದುರಲ್ಲೇ ಬರಿಮೈಯಲ್ಲಿ ನಿಲ್ಲುವುದು ತಪ್ಪುತ್ತದೆ. ಲಿಸ್ಯಾಂಡರ್ ಹತ್ತಿರ ಥಾವಿಂಗ್ ಪೋಷನ್ ಕೊಂಡು ಐದಾರು ಒಟ್ಟಿಗೆ ಕುಡಿಯಿರಿ. ಒಂದೊಂದರಿಂದ ಮೂವತ್ತು ಸೆಕೆಂಡ್, ಅವಧಿ ಕೂಡಿಕೊಳ್ಳುತ್ತದೆ. ಔರಾದ ನಿಧಾನಗತಿ ಅದರಿಂದ ಹೋಗುವುದಿಲ್ಲ, ಶೀತದ ಪೆಟ್ಟು ಮಾತ್ರ ತಗ್ಗುತ್ತದೆ.

ಸತ್ತರೆ ಮೈಮೇಲಿನದೆಲ್ಲ ಹೆಣದ ಜೊತೆ ಅಲ್ಲೇ ಉಳಿಯುತ್ತದೆ. ನೈಟ್‌ಮೇರ್‌ನಿಂದ ಮೇಲೆ ಎಕ್ಸ್‌ಪೀರಿಯೆನ್ಸ್ ಕೂಡ ಹೋಗುತ್ತದೆ. ಅದೇ ಆಟದಲ್ಲಿ ಹೆಣ ಎತ್ತಿದರೆ ಮುಕ್ಕಾಲು ಪಾಲು ವಾಪಸ್. ಆಗದಿದ್ದರೆ ಸೇವ್ ಮಾಡಿ ಹೊರಬನ್ನಿ, ಮುಂದಿನ ಸಲ ಹೆಣ ಊರಲ್ಲೇ ಇರುತ್ತದೆ. ಸ್ಟ್ಯಾಷ್‌ನ ಒಳ್ಳೇ ಸಾಮಾನು ತೊಟ್ಟು ಮತ್ತೆ ಮತ್ತೆ ಹೋಗಿ ಸಾಯಬೇಡಿ. ಹೊರಬಂದಾಗ ಉಳಿಯುವುದು ಒಂದೇ ಹೆಣ.

ಯಾವ ಆವೃತ್ತಿ ಅನ್ನುವುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಹಳೆಯದು 800 ಗುಣಿಸು 600ಕ್ಕೆ ನಿಲ್ಲುತ್ತದೆ, ಈಗಿನ ಅಗಲ ಪರದೆಯಲ್ಲಿ ಎಳೆದಂತೆ ಕಾಣುತ್ತದೆ, ಸ್ಟ್ಯಾಷ್ ಇಕ್ಕಟ್ಟು. ರಿಸರೆಕ್ಟೆಡ್‌ನಲ್ಲಿ ದುಡ್ಡು ತಾನೇ ಎತ್ತಿಕೊಳ್ಳುತ್ತದೆ, ಎಲ್ಲ ಪಾತ್ರಗಳಿಗೂ ಸೇರಿದ ಸ್ಟ್ಯಾಷ್ ಇದೆ, ಜಿ ಕೀ ಒತ್ತಿದರೆ ಹಳೇ ರೂಪವೂ ಕಾಣುತ್ತದೆ. ಹೊಡೆತದ ತೂಕ, ರೂನ್ ಬಿದ್ದಾಗಿನ ಸದ್ದು, ಆಟಕ್ಕೆ ಸಂಗೀತ ಕೊಟ್ಟ ಮ್ಯಾಟ್ ಉಯೆಲ್ಮೆನ್‌ನ ಗಿಟಾರ್ ಇವತ್ತಿಗೂ ಹಳಸಿಲ್ಲ. ಮೂರನೇ ಆಕ್ಟ್‌ನ ಕಾಡು ಆಗಲೂ ಬೇಜಾರು, ಈಗಲೂ ಬೇಜಾರು.

ಶುರುವಿನಲ್ಲೇ ಆನ್‌ಲೈನೋ ಆಫ್‌ಲೈನೋ ತೀರ್ಮಾನಿಸಿ, ಒಂದರ ಪಾತ್ರ ಇನ್ನೊಂದಕ್ಕೆ ಹೋಗುವುದಿಲ್ಲ. ಗೆಳೆಯರ ಜೊತೆ ಆಡುವ ಆಸೆಯಿದ್ದರೆ ಆನ್‌ಲೈನೇ ಗತಿ, ಕಂಪ್ಯೂಟರ್‌ಗಳನ್ನು ನೇರ ಜೋಡಿಸಿ ಆಡಲು ಹಳೆಯದರಲ್ಲಿದ್ದ ಟಿಸಿಪಿ/ಐಪಿ ಸೌಲಭ್ಯವನ್ನು ರಿಸರೆಕ್ಟೆಡ್‌ನಿಂದ ತೆಗೆದಿದ್ದಾರೆ. ಆಫ್‌ಲೈನ್ ಆಡುವವರು ವಿಂಡೋಸ್‌ನ ಸೇವ್ಡ್ ಗೇಮ್ಸ್ ಫೋಲ್ಡರ್‌ನಲ್ಲಿರುವ ಆಟದ ಫೋಲ್ಡರ್ ಇಡಿಯಾಗಿ ಪೆನ್‌ಡ್ರೈವ್‌ಗೆ ಆಗಾಗ ಕಾಪಿ ಮಾಡಿ. ಬರೀ ಪಾತ್ರದ ಡಿ2ಎಸ್ ಕಡತ ತೆಗೆದಿಟ್ಟರೆ ಹಂಚಿಕೆಯ ಸ್ಟ್ಯಾಷ್ ಬರುವುದಿಲ್ಲ, ಅದು ಡಿ2ಐ ಕಡತದಲ್ಲಿದೆ. ಆಫ್‌ಲೈನ್‌ನಲ್ಲಿ ಪ್ಲೇಯರ್ಸ್ 8 (ಎಂಟು ಜನ ಆಡುತ್ತಿರುವಂತೆ) ಎಂಬ ಆಜ್ಞೆ ಕೊಟ್ಟರೆ ರಾಕ್ಷಸರ ಪ್ರಾಣ ನಾಲ್ಕೂವರೆ ಪಟ್ಟಾಗುತ್ತದೆ. ಮೊದಲ ಪಾತ್ರಕ್ಕೆ 3ರ ಮೇಲೆ ಹೋಗಬೇಡಿ. ಆನ್‌ಲೈನ್ ಹಾರ್ಡ್‌ಕೋರ್‌ನಲ್ಲಿ ಒಮ್ಮೆ ಸತ್ತರೆ ಮುಗಿಯಿತು. ಕರೆಂಟ್ ಹೋದರೂ ಪಾತ್ರ ಸರ್ವರ್‌ನಲ್ಲಿ ಕೆಲ ಸೆಕೆಂಡ್ ನಿಂತೇ ಇರುತ್ತದೆ. ಕಂಪ್ಯೂಟರಿಗೆ ಮಾತ್ರವಲ್ಲ, ರೌಟರ್‌ಗೂ ಯುಪಿಎಸ್ ಇಲ್ಲದ ಮನೆಯಲ್ಲಿ ಅದನ್ನು ಮುಟ್ಟಬೇಡಿ.